ಪೆಟ್ಟಿಗೆ 37.5 ಅನ್ನುತ್ತಿತ್ತು, ಥರ್ಮಾಮೀಟರ್ ಒಪ್ಪಲಿಲ್ಲ

ಎರಡು ವರ್ಷದ ಹಿಂದೆ 3,800 ರೂಪಾಯಿ ಕೊಟ್ಟು ಆನ್‌ಲೈನಿನಲ್ಲಿ ತರಿಸಿದ ಸಣ್ಣ ಇನ್‌ಕ್ಯುಬೇಟರ್ ಇದು, ಮೊಟ್ಟೆಗೆ ಕಾವು ಕೊಡುವ ಪೆಟ್ಟಿಗೆ. ಕಾಸರಗೋಡಿನ ಬದಿಯಡ್ಕದ ಹತ್ತಿರ ನಮ್ಮ ಮನೆ. ಇದರಲ್ಲಿ ಇಲ್ಲಿಯವರೆಗೆ 11 ಬ್ಯಾಚ್ ಗೌಜಲಕ್ಕಿ (ಕ್ವೇಲ್) ಮರಿ ಮಾಡಿದ್ದೇನೆ. ನಮ್ಮ ಪೇಟೆಯಲ್ಲಿ ಕಾಡಕೋಳಿ ಅಂತ ಮಲಯಾಳದ ಹೆಸರು ಹೇಳಿದರೇ ಬೇಗ ಗೊತ್ತಾಗುವುದು. ಊರಕೋಳಿಯ ಹಾಗೆ ಈ ಸಾಕುಹಕ್ಕಿಗಳು ಕಾವಿಗೆ ಕೂರುವುದಿಲ್ಲ. ಮೊಟ್ಟೆ ಇಟ್ಟು ಎದ್ದು ಹೋಗುತ್ತವೆ, ಅಷ್ಟೆ. ಮರಿ ಬೇಕಾದರೆ ಪೆಟ್ಟಿಗೆ ಬೇಕೇ ಬೇಕು.

ಮೊದಲ ಬ್ಯಾಚ್ ನೆನೆದರೆ ಈಗಲೂ ಬೇಜಾರಾಗುತ್ತದೆ. 40 ಮೊಟ್ಟೆ ಇಟ್ಟಿದ್ದೆ. 17-18 ದಿನಕ್ಕೆ ಒಡೆಯಬೇಕು. ಹದಿನೈದನೇ ದಿನವೇ ಒಡೆಯಲು ಶುರುವಾಯಿತು. ಖುಷಿಯಿಂದ ಮುಚ್ಚಳ ತೆರೆದರೆ ಒಟ್ಟು ಒಂಬತ್ತೇ ಮರಿ. ಹೊಕ್ಕುಳು ಒಣಗಿರಲಿಲ್ಲ, ಕಾಲು ನಿಲ್ಲುತ್ತಿರಲಿಲ್ಲ. ಎರಡು ದಿನದಲ್ಲಿ ಐದು ಸತ್ತವು. ಮೊಟ್ಟೆಯೇ ಸರಿ ಇಲ್ಲ ಅಂದುಕೊಂಡು ಬೇರೆ ಕಡೆಯಿಂದ ತಂದೆ. ಎರಡನೇ ಸಲವೂ ಅದೇ ಕತೆ.

ಕೊನೆಗೆ ಸಣ್ಣ ಔಷಧಿ ಬಾಟಲಿಗೆ ನೀರು ತುಂಬಿ, ಮುಚ್ಚಳ ಹಾಕಿ, ಮೊಟ್ಟೆ ಇಡುವ ಜಾಗದಲ್ಲೇ ಇಟ್ಟೆ. ಎರಡು ಗಂಟೆ ಬಿಟ್ಟು ತೆರೆದು, ಮನೆಯಲ್ಲಿದ್ದ ಜ್ವರ ನೋಡುವ ಥರ್ಮಾಮೀಟರನ್ನು ಅದರಲ್ಲಿ ಅದ್ದಿದೆ. 101.1 ಬಂತು. ಅಂದರೆ 38.4 ಡಿಗ್ರಿ ಸೆಲ್ಸಿಯಸ್. ಪೆಟ್ಟಿಗೆಯ ಮುಖದ ಮೇಲೆ ಮಾತ್ರ 37.5 ಅಂತ ಹಸಿರು ಅಂಕಿ ಉರಿಯುತ್ತಿತ್ತು. ಬರೀ 0.9 ಡಿಗ್ರಿ ವ್ಯತ್ಯಾಸ. ಆದರೆ 10-12 ಗ್ರಾಂ ತೂಗುವ ಮೊಟ್ಟೆಗೆ ಅದು ದೊಡ್ಡದು. ಸೆಕೆ ಜಾಸ್ತಿಯಾಗಿ ಮರಿಗಳು ಪೂರ್ತಿ ಬಲಿಯುವ ಮೊದಲೇ ಹೊರಬಂದಿದ್ದವು. ಮಾರಿದವರಿಗೆ ಫೋಟೋ ಕಳಿಸಿದೆ. ಡಿಸ್‌ಪ್ಲೇ ಸರಿಯಾಗಿಯೇ ಇದೆಯಲ್ಲ ಅಂತ ಉತ್ತರ ಬಂತು. ಈ ಒಂದು ಕಾರಣಕ್ಕೆ ನಾನು ಎರಡು ಸ್ಟಾರ್ ಕಡಿಮೆ ಮಾಡುತ್ತಿದ್ದೇನೆ.

ಈಗ 36.6ಕ್ಕೆ ಇಡುತ್ತೇನೆ. ಒಳಗೆ ಸರಿಯಾಗಿ 37.5 ಇರುತ್ತದೆ.

ತಾನಾಗಿ ಮೊಟ್ಟೆ ತಿರುಗಿಸುವ ಟ್ರೇ ಕೋಳಿಮೊಟ್ಟೆಯ ಅಳತೆಯದು. ಗೌಜಲಕ್ಕಿ ಮೊಟ್ಟೆ ಅದರಲ್ಲಿ ತಿರುಗುವುದಿಲ್ಲ, ಜಾರುತ್ತದೆ. ಹಾಗಾಗಿ ಕೈಯಲ್ಲೇ ತಿರುಗಿಸುತ್ತೇನೆ. ಬೆಳಿಗ್ಗೆ ಕಾಫಿಗೆ ನೀರಿಟ್ಟು ಒಮ್ಮೆ, ಸಂಜೆ ದೀಪ ಹಚ್ಚಿದ ಮೇಲೆ ಒಮ್ಮೆ, ರಾತ್ರಿ ಮಲಗುವ ಮೊದಲು ಒಮ್ಮೆ. ಕೈ ತೊಳೆದು, ಒರೆಸಿ, ಎರಡೇ ಬೆರಳಲ್ಲಿ. ಪೆನ್ಸಿಲ್ ಗುರುತು ಆ ಕಂದು ಚುಕ್ಕೆಗಳ ನಡುವೆ ಕಾಣುವುದೇ ಇಲ್ಲ. ಮೊದಲು ಕಷ್ಟವಾಗುತ್ತಿತ್ತು. ಈಗ ಪ್ರತಿ ಮೊಟ್ಟೆಯ ಚುಕ್ಕೆಗಳೇ ಗುರುತು. ಒಂದಕ್ಕೆ ಮಸಿ ಚೆಲ್ಲಿದ ಹಾಗೆ, ಇನ್ನೊಂದಕ್ಕೆ ಸಾಸಿವೆ ಸಿಡಿದ ಹಾಗೆ. ಹದಿನಾಲ್ಕನೇ ದಿನದ ನಂತರ ಮುಟ್ಟುವುದಿಲ್ಲ.

ಜೊತೆಗೆ ಬಂದ ಕಾಗದದಲ್ಲಿ ತೇವಕ್ಕಾಗಿ ಮೊದಲ ದಿನದಿಂದಲೇ ಪೆಟ್ಟಿಗೆಯೊಳಗೆ ನೀರು ಹಾಕಿ ಅಂತಿದೆ. ಜೋರು ಮಳೆಯ ಆಟಿ ತಿಂಗಳಲ್ಲಿ ನಮ್ಮಲ್ಲಿ ಅದನ್ನು ಮಾಡಲೇಬೇಡಿ. ಗೋಡೆಯೇ ಬೆವರುವ ಕಾಲ ಅದು. ಮೊಟ್ಟೆಯೊಳಗಿನ ನೀರು ಆರದಿದ್ದರೆ ಗಾಳಿಗೆ ಜಾಗ ಸಾಲದೆ ಬೆಳೆದ ಮರಿ ಒಳಗೇ ಸಾಯುತ್ತದೆ. ಮಳೆಗಾಲದಲ್ಲಿ ನಾನು ಕೊನೆಯ ಮೂರು ದಿನ ಮಾತ್ರ ನೀರು ಹಾಕುತ್ತೇನೆ. ಕರೆಂಟ್ ಹೋದರೆ ಇನ್ವರ್ಟರ್ ಇದೆ. ಇಲ್ಲದವರು ಯೋಚಿಸಿ ತಗೊಳ್ಳಿ.

ಇಷ್ಟೆಲ್ಲ ಬೇಜಾರಿದ್ದರೂ ಪೆಟ್ಟಿಗೆಯನ್ನು ವಾಪಸ್ ಕಳಿಸಲಿಲ್ಲ. ಅದಕ್ಕೆ ಮೂರನೇ ಬ್ಯಾಚ್ ಕಾರಣ. ಹದಿನಾರನೇ ದಿನ ರಾತ್ರಿ ಅತ್ತೆ ಪೆಟ್ಟಿಗೆಯ ಹತ್ತಿರ ನಿಂತು, "ಇದರೊಳಗೆ ಗಡಿಯಾರ ಇಟ್ಟಿದ್ದೀಯಾ?" ಅಂತ ಕೇಳಿದರು. ನಾನೂ ಕಿವಿಯಿಟ್ಟೆ. ಟಿಕ್, ಟಿಕ್, ಟಿಕ್. ಒಂದಲ್ಲ, ಹತ್ತಾರು. ಒಡೆಯುವ ಮೊದಲು ಗೌಜಲಕ್ಕಿ ಮರಿಗಳು ಚಿಪ್ಪಿನೊಳಗಿಂದ ಹೀಗೆ ಸದ್ದು ಮಾಡುತ್ತವೆ. ಪಕ್ಕದ ಮೊಟ್ಟೆಯ ಸದ್ದು ಕೇಳಿ ಹಿಂದೆ ಬಿದ್ದವು ಬೇಗ ಮಾಡಿಕೊಳ್ಳುತ್ತವೆ, ಎಲ್ಲವೂ ಹೆಚ್ಚುಕಮ್ಮಿ ಒಟ್ಟಿಗೇ ಹೊರಬರುತ್ತವೆ. ಮೊಟ್ಟೆಗಳನ್ನು ತಾಗಿಸಿ ಇಟ್ಟಿದ್ದೆ, ಅದೂ ಒಳ್ಳೆಯದೇ ಆಯಿತು.

ಮಾರನೇ ದಿನ ಬೆಳಿಗ್ಗೆ ಚಿಪ್ಪಿನ ಅಗಲದ ತುದಿಯನ್ನು ಒಳಗಿಂದ ಸುತ್ತಲೂ ಕೊರೆದು, ಎಳನೀರಿನ ಬೊಂಡ ಕೆತ್ತಿದ ಹಾಗೆ ಮುಚ್ಚಳ ಎತ್ತಿ ಬಂದವು. ಮಧ್ಯಾಹ್ನದೊಳಗೆ 40ರಲ್ಲಿ 31 ಮರಿ. ಒಂದು ಚಾಲಿ ಅಡಿಕೆಯಷ್ಟು ತೂಕ, ಬೆನ್ನ ಮೇಲೆ ಹಳದಿ ಗೆರೆ. ಅತ್ತೆ ಅಂದು ಊಟಕ್ಕೂ ಏಳಲಿಲ್ಲ.

ಮರಿಗಳಿಗೆ ಪೇಪರ್ ಹಾಸಬೇಡಿ, ಕಾಲು ಜಾರಿ ಸೊಟ್ಟಗಾಗುತ್ತದೆ. ಗೋಣಿ ಹಾಸಿ. ನೀರಿನ ತಟ್ಟೆಯಲ್ಲಿ ಗೋಲಿ ತುಂಬಿ, ಇಲ್ಲದಿದ್ದರೆ ಮುಳುಗಿ ಸಾಯುತ್ತವೆ. ಆರೇಳು ವಾರಕ್ಕೆ ಅವೇ ಮೊಟ್ಟೆ ಇಡುತ್ತವೆ. ಮನೆಗೆ ಸಾಕಾಗಿ ಉಳಿದದ್ದನ್ನು ಅಕ್ಕಪಕ್ಕದವರು ಕೊಳ್ಳುತ್ತಾರೆ. ನನ್ನ 3,800 ಯಾವಾಗಲೋ ಹುಟ್ಟಿತು.

ತಗೊಳ್ಳುವವರು ಮೊಟ್ಟೆ ತರುವ ಮೊದಲು ಒಂದು ದಿನ ಖಾಲಿ ಪೆಟ್ಟಿಗೆ ಓಡಿಸಿ. ನೀರಿನ ಬಾಟಲಿ ಇಟ್ಟು ಥರ್ಮಾಮೀಟರಿನಲ್ಲಿ 99.5 ಫ್ಯಾರನ್‌ಹೀಟ್, ಅಂದರೆ 37.5 ಸೆಲ್ಸಿಯಸ್ ಬರುತ್ತದಾ ನೋಡಿ. ಬರುವವರೆಗೆ ಮೊಟ್ಟೆ ಇಡಬೇಡಿ.