ಹ್ಯಾಂಡೆಲ್‌ನ ‘ದೀಕ್ಸಿತ್ ದೊಮಿನುಸ್’: ಹಾಡುವವರಿಗೆ ಯಾವ ಪ್ರತಿ?

ಹಾಡುವುದಕ್ಕಾದರೆ ವಾಟ್ಕಿನ್ಸ್ ಶಾ ಸಂಪಾದಿಸಿ ನವೆಲ್ಲೋ ಪ್ರಕಾಶನ ಹೊರತಂದ ವೋಕಲ್ ಸ್ಕೋರನ್ನೇ (ಹಾಡುವವರ ಸಾಲುಗಳಿರುವ ಸ್ವರಲಿಪಿಯನ್ನೇ) ಕೊಳ್ಳಿ. ಅಂತರಜಾಲದಲ್ಲಿ ಉಚಿತವಾಗಿ ಸಿಗುವ ಹಳೆಯ ಫುಲ್ ಸ್ಕೋರ್ (ಎಲ್ಲ ಧ್ವನಿ, ವಾದ್ಯಗಳ ಸಾಲುಗಳೂ ಇರುವ ಸ್ವರಲಿಪಿ) ಹಿಡಿದು ತಾಲೀಮು ಮಾಡಿ, ಬಳಿಕ ಇದನ್ನು ತರಿಸಿಕೊಂಡವಳು ನಾನು. ಎರಡರ ನಡುವೆ ಅಜಗಜಾಂತರವಿದೆ.

1707ರಲ್ಲಿ, 22ರ ಹರೆಯದಲ್ಲಿ, ಜರ್ಮನ್ ಸಂಗೀತ ರಚನಕಾರ ಹ್ಯಾಂಡೆಲ್ ರೋಮ್‌ನಲ್ಲಿ ಬರೆದು ಮುಗಿಸಿದ ಕೃತಿಯಿದು. ಪಠ್ಯ ಬೈಬಲ್ಲಿನ 110ನೆಯ ಕೀರ್ತನೆ. ಲ್ಯಾಟಿನ್ ಬೈಬಲ್ಲಿನ ಎಣಿಕೆಯಲ್ಲಿ 109. ವೃಂದಕ್ಕೆ ಐದು ಧ್ವನಿ: ಎತ್ತರದಿಂದ ತಗ್ಗಿಗೆ ಎರಡು ಸೊಪ್ರಾನೋ, ಆಲ್ಟೋ, ಟೆನರ್, ಬಾಸ್. ನನ್ನದು ಎರಡನೆಯ ಸೊಪ್ರಾನೋ.

ಉಚಿತ ಪ್ರತಿ 19ನೆಯ ಶತಮಾನದಲ್ಲಿ ಕ್ರಿಸಾಂಡರ್ ಸಂಪಾದಿಸಿದ್ದು. ಅಂದಿನ ರೂಢಿಯಂತೆ ಅದರಲ್ಲಿ ಸೊಪ್ರಾನೋ, ಆಲ್ಟೋ, ಟೆನರ್ ಮೂವರಿಗೂ ಬೇರೆ ಬೇರೆ ಸಿ ಕ್ಲೆಫ್. ಕ್ಲೆಫ್ ಎಂದರೆ ಯಾವ ಗೆರೆ ಯಾವ ಸ್ವರ ಎಂದು ಹೇಳುವ ಗುರುತು. ನಮಗೆ ಅಭ್ಯಾಸವಿರುವ ಟ್ರೆಬಲ್ ಕ್ಲೆಫ್‌ನಲ್ಲಿ ಅಡಿಗೆರೆ ಎಂದರೆ ಇ. ಸೊಪ್ರಾನೋ ಕ್ಲೆಫ್‌ನಲ್ಲಿ ಅದೇ ಗೆರೆ ಮಧ್ಯ ಸಿ. ಕಣ್ಣು ಒಂದು ಸ್ವರ ಓದುತ್ತದೆ, ಗಂಟಲು ಇನ್ನೊಂದನ್ನು ಹಾಡಬೇಕು. ಪೆನ್ಸಿಲ್ಲಿನಲ್ಲಿ ಮೇಲೆ ಸರಿಗಮ ಬರೆದುಕೊಂಡೆ. ಜಿಯನ್ನು ಷಡ್ಜವಾಗಿ ಹಿಡಿದು ಬರೆದ ಸ್ವರಗಳು, ಸಂಗೀತ ಬೇರೆ ಶ್ರುತಿಗೆ ಹೊರಳಿದ ಕೂಡಲೇ ಕೈಕೊಟ್ಟವು.

ನನ್ನ ಸಾಲನ್ನು ಬಾಯಿಪಾಠ ಮಾಡಿದರೂ ತೊಡಕು ತೀರಲಿಲ್ಲ. ಧ್ವನಿಗಳು ಒಂದೇ ಸಾಲನ್ನು ಒಂದರ ಹಿಂದೊಂದು ಎತ್ತಿಕೊಳ್ಳುವ ಕೊನೆಯ ಫ್ಯೂಗ್‌ನಲ್ಲಿ ‘ಎತ್ ಇನ್ ಸೆಕುಲಾ’ ಎಂದು ಒಂದೇ ಸ್ವರವನ್ನು ಬಡಿಬಡಿದು ಒಬ್ಬೊಬ್ಬರೇ ನುಗ್ಗುತ್ತಾರೆ. ನಮ್ಮ ಸರದಿ ತಿಳಿಯಲು ಪಕ್ಕದವರ ಸಾಲಿನ ಮೇಲೂ ಕಣ್ಣಿರಬೇಕು. ಅಲ್ಲಿ ಆಲ್ಟೋಗಳಿಗೆ ಸಿ ಮೂರನೆಯ ಗೆರೆ, ಟೆನರ್‌ಗಳಿಗೆ ನಾಲ್ಕನೆಯದು. ಅವರ ಸ್ವರದಿಂದ ನನ್ನ ಸ್ವರ ಹಿಡಿಯುವಷ್ಟರಲ್ಲಿ ಪ್ರವೇಶ ದಾಟಿಹೋಗಿರುತ್ತಿತ್ತು. ಹೊಸ ಪ್ರತಿಯಲ್ಲಿ ಮೇಲಿನ ಮೂರೂ ಸಾಲು ಟ್ರೆಬಲ್ ಕ್ಲೆಫ್‌ನಲ್ಲಿವೆ. ಆಲ್ಟೋಗಳು ಎಲ್ಲಿದ್ದಾರೆಂದು ಒಂದು ನೋಟಕ್ಕೆ ತಿಳಿಯುತ್ತದೆ.

ಇನ್ನು ಪುಟ ತಿರುವುವ ಕಾಟ. ಫುಲ್ ಸ್ಕೋರ್‌ನಲ್ಲಿ ಐದು ಧ್ವನಿ, ಎರಡು ವಯೊಲಿನ್, ಎರಡು ವಿಯೋಲಾ, ಕೆಳಗೆ ಬಾಸ್ ವಾದ್ಯಗಳು: ಹತ್ತು ಸಾಲು, ಹಾಗಾಗಿ ಪುಟ ಬೇಗ ಮುಗಿಯುತ್ತದೆ. ವೋಕಲ್ ಸ್ಕೋರ್‌ನಲ್ಲಿ ವಾದ್ಯಗಳೆಲ್ಲ ಪಿಯಾನೋದ ಎರಡೇ ಸಾಲಿಗೆ ಇಳಿಯುತ್ತವೆ. ‘ಕೊನ್‌ಕ್ವಸ್ಸಾಬಿತ್’ ಭಾಗದಲ್ಲಿ ಒಂದೇ ಅಕ್ಷರವನ್ನು ‘ಸಾ-ಸಾ-ಸಾ’ ಎಂಬಂತೆ ಕಡಿದು ಕಡಿದು ಹಾಡುವಾಗ ಕಣ್ಣು ನಿರ್ದೇಶಕರ ಕೈಮೇಲಿರಬೇಕು, ಹಾಳೆಯ ಅಂಚಿನ ಮೇಲಲ್ಲ.

ಟ್ಯಾಬ್ಲೆಟ್ಟನ್ನೂ ಪ್ರಯತ್ನಿಸಿದೆ. ಪುಟ ತಿರುವಲು ಪೆಡಲ್ ಬೇರೆ ಕೊಳ್ಳಬೇಕು. ತಾಲೀಮಿನ ನಡುವೆ ಗುರುತು ಹಾಕಲು ಪೆನ್ಸಿಲ್ಲಿನ ವೇಗ ಅದಕ್ಕಿಲ್ಲ.

ಹಾಗೆಂದು ಹಳೆಯ ಪ್ರತಿಯನ್ನು ಎಸೆದಿಲ್ಲ. ಮನೆಯಲ್ಲಿ ಧ್ವನಿಮುದ್ರಿಕೆ ಕೇಳುವಾಗ ಅದೇ ಬೇಕು. ‘ದೆ ತೊರೆಂತೆ’ ಭಾಗದಲ್ಲಿ ಇಬ್ಬರು ಸೊಪ್ರಾನೋಗಳು ಒಬ್ಬರ ಸ್ವರಕ್ಕೆ ಒಬ್ಬರು ಒತ್ತಿಕೊಂಡು ನೋವಾಗುವಷ್ಟು ಹತ್ತಿರ ನಿಂತು, ನಿಧಾನವಾಗಿ ಬಿಡಿಸಿಕೊಳ್ಳುತ್ತಾರೆ. ಅವರ ಕೆಳಗೆ ತಂತಿವಾದ್ಯಗಳು ಏನು ಮಾಡುತ್ತಿವೆ ಎಂಬುದು ಪಿಯಾನೋ ಸಾಲಿನಲ್ಲಿ ಪೂರ್ತಿ ಕಾಣುವುದಿಲ್ಲ.

ಬೆಲೆಯ ಚಿಂತೆ ನನಗೂ ಇತ್ತು. ವಿದೇಶದಿಂದ ತರಿಸಿದರೆ ಅಂಚೆ ವೆಚ್ಚವೇ ಹೊರೆ. ನಮ್ಮ ವೃಂದದ ಕೆಲವರು ಸೇರಿ ಒಂದೇ ಪೊಟ್ಟಣದಲ್ಲಿ ತರಿಸಿದೆವು. ಒಂದೇ ಕಾರ್ಯಕ್ರಮಕ್ಕೆ ಹಾಡಿ ಬಿಡುವವರು ಎರವಲು ಪಡೆಯಲಿ. ನಾನು ಪ್ರತಿಯ ತುಂಬ ಉಸಿರಿನ ಗುರುತು ಹಾಕುವವಳು, ಮತ್ತೆ ಮತ್ತೆ ಹಾಡುವವಳು. ನನಗೆ ಸ್ವಂತದ್ದೇ ಆಗಬೇಕು.