ಕೇಳದೇ ಹಿಡಿಯುವ 147 ರೂಪಾಯಿ: ನನ್ನ ಇಎಸ್ಐ ಅನುಭವ

ಮುಂಬೈಯ ಮಾಟುಂಗಾದ ಒಂದು ಉಡುಪಿ ಹೋಟೆಲಿನ ಗಲ್ಲಾದಲ್ಲಿ ಕೂರುವವನು ನಾನು. ಸಂಬಳ 19,600. ಅದರಲ್ಲಿ ತಿಂಗಳಿಗೆ 147 ರೂಪಾಯಿ ಇಎಸ್ಐಗೆ, ಅಂದ್ರೆ ಕಡಿಮೆ ಸಂಬಳದ ನೌಕರರಿಗೆ ಸರ್ಕಾರ ನಡೆಸುವ ಆರೋಗ್ಯ ವಿಮೆಗೆ, ಹೋಗುತ್ತೆ. ಧನಿಗಳು ತಮ್ಮ ಕಡೆಯಿಂದ 637 ಹಾಕುತ್ತಾರೆ. ಸಂಬಳದ ನೂರು ರೂಪಾಯಿಗೆ ಮುಕ್ಕಾಲು ರೂಪಾಯಿ ನಮ್ಮದು, ಮೂರೂಕಾಲು ಅವರದು. 2019ರ ಜುಲೈಗೆ ಮೊದಲು ನಮ್ಮಿಂದ ಒಂದೂಮುಕ್ಕಾಲು ಹಿಡಿಯುತ್ತಿದ್ದರು. ಆಗ ಹೊಟ್ಟೆ ಇನ್ನೂ ಜಾಸ್ತಿ ಉರಿಯುತ್ತಿತ್ತು.

ಬೇಡ ಅನ್ನುವ ಹಾಗಿಲ್ಲ, 1948ರಿಂದಲೂ ಕಾನೂನೇ ಹಾಗೆ. ಕಿಚನ್ ಹುಡುಗರು ಕೇಳುತ್ತಾರೆ, ‘ಅಣ್ಣ, ನಂಗೆ ಕಾಯಿಲೆನೇ ಇಲ್ಲ, ನನ್ನ ದುಡ್ಡು ಯಾಕೆ?’ ನಾನೂ ಹಾಗೇ ಕೇಳುತ್ತಿದ್ದೆ.

ನಮ್ಮ ಇಎಸ್ಐ ಡಿಸ್ಪೆನ್ಸರಿಯ ವಿಷಯ ಹೇಳಬೇಕು. ಔಷಧಿ ಕಿಟಕಿಯಿಂದ ಒಂದು ಕೈ ಮಾತ್ರ ಹೊರಗೆ ಬರುತ್ತೆ. ಚೀಟಿಯಲ್ಲಿ ನಾಲ್ಕು ಔಷಧಿ ಇದ್ದರೆ ಎರಡಕ್ಕೆ ಟಿಕ್, ಎರಡರ ಸುತ್ತ ಸೊನ್ನೆ. ಸೊನ್ನೆ ಅಂದ್ರೆ ಸ್ಟಾಕ್ ಇಲ್ಲ. ಹೊರಗೆ ತಗೊಂಡು ಬಿಲ್ ಕೊಡಿ, ದುಡ್ಡು ವಾಪಸ್ ಬರುತ್ತೆ ಅಂತಾರೆ. 86 ರೂಪಾಯಿ ಬಿಲ್ಲಿಗೆ ಯಾರು ಅರ್ಧ ದಿನ ರಜೆ ಹಾಕ್ತಾರೆ?

ಆಮೇಲೆ ಹೆಂಡತಿಗೆ ಪಿತ್ತಕೋಶದಲ್ಲಿ ಕಲ್ಲು. ಅದೇ ಡಿಸ್ಪೆನ್ಸರಿಯವರು ಚೀಟಿ ಬರೆದು ಆಸ್ಪತ್ರೆಗೆ ಕಳಿಸಿದರು, ಆಪರೇಷನ್ ಆಯಿತು. ಡಿಸ್ಚಾರ್ಜ್ ದಿನ ‘ಬಿಲ್ ಎಷ್ಟು?’ ಅಂತ ಕೇಳಿದೆ. ಕೌಂಟರಿನವರು ನನ್ನ ಮುಖ ನೋಡಿದರು. ದಿನವಿಡೀ ಬಿಲ್ ಹರಿದು ಕೊಡುವವನು ನಾನು, ಬಿಲ್ಲೇ ಇಲ್ಲದೆ ಎದ್ದು ಹೋಗೋದು ಹೇಗೆ ಅಂತ ಒಂದು ನಿಮಿಷ ಸುಮ್ನೆ ನಿಂತಿದ್ದೆ.

ಹಾಗಾಗಿ ಬಲವಂತವಾಗಿ ಹಿಡಿಯೋದಕ್ಕೆ ಈಗ ನನ್ನ ತಕರಾರಿಲ್ಲ. ಇಷ್ಟ ಇದ್ದವರು ಕಟ್ಟಿ ಅಂದಿದ್ದರೆ ಕಾಯಿಲೆ ಬಂದವರಷ್ಟೇ ಕಟ್ಟುತ್ತಿದ್ದರು. ನಾನಂತೂ ಇಲ್ಲ. ಆದರೆ ಸಾಂಬಾರು ತಣ್ಣಗಿದ್ದರೆ ನಮ್ಮ ಗಿರಾಕಿ ಎದುರಿನ ಹೋಟೆಲಿಗೆ ಹೋಗ್ತಾನೆ. ಇಲ್ಲಿ ಗಿರಾಕಿ ಎಲ್ಲಿಗೂ ಹೋಗುವ ಹಾಗಿಲ್ಲ. ಸೊನ್ನೆ ಹಾಕೋದು ಸುಲಭ ಅಲ್ವಾ? ಇಎಸ್ಐ ಅಥವಾ ಬೇರೆ ಆರೋಗ್ಯ ವಿಮೆ, ಯಾವುದು ಬೇಕೋ ನೌಕರನೇ ಆರಿಸಿಕೊಳ್ಳಲಿ ಅಂತ 2015ರ ಬಜೆಟ್ ಭಾಷಣದಲ್ಲಿ ಆಗಿನ ಹಣಕಾಸು ಮಂತ್ರಿ ಅರುಣ್ ಜೇಟ್ಲಿ ಹೇಳಿದ್ದರು. ಆ ಆಯ್ಕೆ ನನ್ನ ಸಂಬಳದ ಚೀಟಿವರೆಗೆ ಬಂದಿಲ್ಲ. ಮೂರು ಸ್ಟಾರ್ ಕೊಡ್ತೇನೆ, ಮೂರೂ ಆಪರೇಷನ್ನಿಗೆ.

ಈಗ ಇನ್ನೊಂದು ತಮಾಷೆ. ಆಗಸ್ಟಿನಿಂದ ಸಂಬಳ 21,500 ಮಾಡ್ತೇನೆ ಅಂದಿದ್ದಾರೆ ಧನಿಗಳು. ಇಎಸ್ಐಗೆ ಸಂಬಳದ ಮಿತಿ 21,000. 2017ರಲ್ಲಿ ಇಟ್ಟಿದ್ದು ಅದು. ದಾಟಿದರೆ ಸೆಪ್ಟೆಂಬರ್‌ವರೆಗೆ ಹಿಡಿದು ನಿಲ್ಲಿಸುತ್ತಾರೆ. ಕಾರ್ಡು ಇನ್ನು ಕೆಲವು ತಿಂಗಳು ನಡೆಯುತ್ತೆ, ಅಷ್ಟೇ. ಖಾಸಗಿ ಪಾಲಿಸಿಯ ಏಜೆಂಟ್ ಒಬ್ಬ ಬಂದಿದ್ದ. ಹೆಂಡತಿಗೆ ಬಿಪಿ ಅಂದ ಕೂಡಲೇ ‘ಅದಕ್ಕೆ ಮೂರು ವರ್ಷ ಕಾಯಬೇಕು’ ಅಂದ.

ಮೊನ್ನೆ ಧನಿಗಳ ಹತ್ತಿರ ಹೋಗಿ, 21,000ಕ್ಕೇ ನಿಲ್ಲಿಸಿ ಅಂತ ಕೇಳಿದೆ. ನಕ್ಕರು. ಇನ್ನೂ ಏನೂ ಹೇಳಿಲ್ಲ.