ಡಂಜನ್ ಎಷ್ಟಿದ್ದರೇನು, ಕೋಣೆ ಎಣಿಸಿ

ಜೆಲ್ಡಾ ಕ್ಲಾಸಿಕ್ ಎಂದರೆ ‘ದಿ ಲೆಜೆಂಡ್ ಆಫ್ ಜೆಲ್ಡಾ’ ವಿಡಿಯೋ ಗೇಮ್‌ನ ಮಾದರಿಯಲ್ಲಿ ಹೊಸ ಆಟ ಕಟ್ಟಿ ಆಡುವ ತಂತ್ರಾಂಶ. ಅದರಲ್ಲಿ ಅಭಿಮಾನಿಗಳು ಕಟ್ಟಿದ ಕ್ವೆಸ್ಟ್‌ಗಳ, ಅಂದರೆ ಆಟಗಳ, ವಿವರಣೆಯಲ್ಲಿ ಮೊದಲು ಕಣ್ಣಿಗೆ ಬೀಳುವುದು ಡಂಜನ್‌ಗಳ (ಶತ್ರು, ಬೀಗಗಳಿಂದ ತುಂಬಿದ ಕೋಣೆಗಳ ಜಾಲ) ಸಂಖ್ಯೆ. ಒಂಬತ್ತು, ಹದಿನೈದು, ಇಪ್ಪತ್ತಕ್ಕೂ ಮೇಲೆ. ಆಟದ ಉದ್ದವನ್ನು ಇದರಿಂದ ಅಳೆಯಲು ಹೊರಟರೆ ಲೆಕ್ಕ ತಪ್ಪುತ್ತದೆ.

ಅಳತೆಗೋಲಾಗಿ 1986ರ ಮೂಲ ಜೆಲ್ಡಾ ಆಟವನ್ನೇ ಇಟ್ಟುಕೊಳ್ಳಿ. ಹೊರಲೋಕ ಅಡ್ಡಕ್ಕೆ 16, ಉದ್ದಕ್ಕೆ 8, ಒಟ್ಟು 128 ಪರದೆ; ಡಂಜನ್‌ನಲ್ಲಿ ಒಂದು ಪರದೆ ಎಂದರೆ ಒಂದು ಕೋಣೆ. ಮೊದಲ ಆರು ಡಂಜನ್‌ಗಳು ಅಷ್ಟೇ ಅಳತೆಯ ಇನ್ನೊಂದು ಮ್ಯಾಪಿನಲ್ಲಿ ಒಂದಕ್ಕೊಂದು ಅಂಟಿಕೊಂಡು ಕೂತಿವೆ; ಉಳಿದ ಮೂರು ಮತ್ತೊಂದರಲ್ಲಿ. ಎಷ್ಟೇ ತುಂಬಿದರೂ ಡಂಜನ್‌ಗೆ ಸರಾಸರಿ 28 ಕೋಣೆ. ಜಾಗ ಇಲ್ಲದ್ದರಿಂದಲೇ ಸುಮ್ಮನೆ ಇಟ್ಟ ಕೋಣೆಗಳು ಕಡಿಮೆ.

ಕ್ವೆಸ್ಟ್ ಕಟ್ಟುವವರಿಗೆ ಈ ಮಿತಿಯಿಲ್ಲ. ಡಂಜನ್ ಮ್ಯಾಪ್ 8×8, ಅಂದರೆ 64 ಕೋಣೆ. ಸಾಲದಿದ್ದರೆ ಇನ್ನೊಂದು ಅಂತಸ್ತು. ಸಮಸ್ಯೆ ಇಲ್ಲೇ. ಕೀಲಿಕೈ ಎಡತುದಿಯಲ್ಲಿ, ಬೀಗ ಬಲತುದಿಯಲ್ಲಿ ಇದೆ ಅನ್ನಿ. ಒಂದು ಸಲ ದಾಟಲು ಏಳು ಕೋಣೆ, ಹೋಗಿಬರಲು ಹದಿನಾಲ್ಕು. ಶತ್ರುಗಳು ಪ್ರತಿ ಸಲವೂ ಮರಳಿ ಹುಟ್ಟುವಂತೆ ಇಟ್ಟಿದ್ದರೆ, ಕೋಣೆಗೆ ಅರ್ಧ ನಿಮಿಷವೆಂದರೂ ಏಳು ನಿಮಿಷ. ಇಂಥ ನಾಲ್ಕು ಬೀಗ ಬಿದ್ದರೆ ಹೊಸದೇನೂ ಕಾಣದೆ ಅರ್ಧ ಗಂಟೆ ಹೋಯಿತು. ಇದನ್ನೇ ‘ದೊಡ್ಡ ಡಂಜನ್’ ಎಂದು ಹೊಗಳುವವರೂ ಇದ್ದಾರೆ! ಒಳ್ಳೆಯ ಕ್ವೆಸ್ಟ್‌ನಲ್ಲಿ ಬೀಗ ತೆಗೆದ ಮೇಲೆ ಬಾಗಿಲ ಹತ್ತಿರಕ್ಕೇ ತಂದು ಬಿಡುವ ಅಡ್ಡದಾರಿ ಇರುತ್ತದೆ.

ಡಂಜನ್ ಹೆಚ್ಚಾದಷ್ಟೂ ಲೆವೆಲ್ ಸಂಖ್ಯೆಯ (ಪ್ರತಿ ಡಂಜನ್‌ಗೆ ಕೊಡುವ ಸಂಖ್ಯೆ) ಎಡವಟ್ಟೂ ಹೆಚ್ಚು. ಮ್ಯಾಪ್, ದಿಕ್ಸೂಚಿ, ಬಾಸ್ ಕೀ (ಡಂಜನ್‌ನ ಮುಖ್ಯ ಶತ್ರು ‘ಬಾಸ್’ನ ಬಾಗಿಲು ತೆಗೆಯುವ ಕೀಲಿಕೈ) ಎಲ್ಲ ಈ ಸಂಖ್ಯೆಗೆ ಕಟ್ಟಿದ್ದು. ಎರಡು ಡಂಜನ್‌ಗೆ ಒಂದೇ ಸಂಖ್ಯೆ ಬಿದ್ದರೆ ಒಂದರಲ್ಲಿ ಸಿಕ್ಕ ಬಾಸ್ ಕೀ ಇನ್ನೊಂದರ ಬಾಸ್ ಬಾಗಿಲನ್ನೂ ತೆಗೆಯುತ್ತದೆ. ಸಾಮಾನ್ಯ ಕೀಲಿಕೈಗಳಂತೂ ಯಾವ ಡಂಜನ್‌ಗಾದರೂ ಸಾಗಿಸಬಹುದು; ಲೆವೆಲ್‌ಗೆ ಮೀಸಲಾದ ಕೀ ಬಳಸದ ಕ್ವೆಸ್ಟ್‌ನಲ್ಲಿ ಅವುಗಳನ್ನು ಉಳಿಸಿಕೊಂಡು ಮುಂದಿನದಕ್ಕೆ ಒಯ್ಯುವುದೇ ಜಾಣತನ.

ದಾರಿ ತಪ್ಪಿದರೆ ಎಫ್6 ಒತ್ತಿ ಕಂಟಿನ್ಯೂ ಮಾಡಿ, ಸಾಮಾನ್ಯವಾಗಿ ಡಂಜನ್‌ ಬಾಗಿಲಿಗೆ ಬರುತ್ತೀರಿ. ಜೀವ ಪೂರ್ತಿ ತುಂಬಿರುವುದಿಲ್ಲ, ಅಷ್ಟೆ.

ಜೆಲ್ಡಾ ಮಾದರಿಯ ಆಟ ಕಟ್ಟುವ ಇನ್ನೊಂದು ತಂತ್ರಾಂಶವಾದ ಸೊಲಾರಸ್ ಎಂಜಿನ್‌ನ ಆಟಗಳಿಗೆ ಈ ಪರದೆ ಲೆಕ್ಕ ನಡೆಯದು. ಅಲ್ಲಿ ಮ್ಯಾಪಿನ ಅಳತೆ ಕಟ್ಟಿದವರ ಇಷ್ಟ, ಹಾಗಾಗಿ ಅಂತಸ್ತು ಎಣಿಸಿ.

ಯಾವುದನ್ನೇ ಆಡಿದರೂ ಮೂರನೇ ಡಂಜನ್‌ವರೆಗೆ ಹೋಗಿ ತೀರ್ಮಾನಿಸಿ. ಅಲ್ಲಿ ಸಿಕ್ಕ ಹೊಸ ಸಾಧನ ಬಾಸ್ ಬರುವ ಮೊದಲು ಎರಡು ಮೂರು ಕಡೆಯಾದರೂ ಬೇಕಾಗದಿದ್ದರೆ ಮುಂದಿನವೂ ಹಾಗೇ ಇರುವ ಸಂಭವವೇ ಹೆಚ್ಚು. 20ರಿಂದ 30 ಕೋಣೆಯ ಒಂಬತ್ತು ಡಂಜನ್ ಇರುವ ಕ್ವೆಸ್ಟ್‌ಗೇ ನಮ್ಮ ಮತ. ಶುರು ಮಾಡಿದ ಆವೃತ್ತಿಯಲ್ಲೇ ಮುಗಿಸಿ. ನಡುವೆ ಕ್ವೆಸ್ಟ್ ಫೈಲ್ ಬದಲಿಸಿದರೆ ಹಳೆಯ ಸೇವ್ ಕೈಕೊಡಬಹುದು.